ಅಸಲಿಯ ಗೀಳು, ಗಿಟಾರಿಗರ ಗೋಳು

ಗಿಟಾರ್ ಪ್ರೊಸೆಸರ್ ಕೊಳ್ಳಲು ಬಂದವರು ಅಂಗಡಿಯವನನ್ನು ಕೇಳುವ ಮೊದಲ ಮಾತು ಬಹುತೇಕ ಒಂದೇ: "ಇದ್ರಲ್ಲಿ ಒರಿಜಿನಲ್ ಟ್ಯೂಬ್ ಆಂಪ್ ಸೌಂಡ್ ಬರತ್ತಾ?" ಹತ್ತು ಸಾವಿರದ ಡಬ್ಬಿಗೂ ಇದೇ ಪ್ರಶ್ನೆ, ಲಕ್ಷ ದಾಟಿದ ಡಬ್ಬಿಗೂ ಇದೇ ಪ್ರಶ್ನೆ. ಅಂಗಡಿಯವನು ಮಾರ್ಷಲ್ ಆಂಪಿನದೆಂದು ಹೇಳುವ ಪ್ಯಾಚನ್ನು, ಅಂದರೆ ಮೊದಲೇ ಹೊಂದಿಸಿಟ್ಟ ದನಿಯನ್ನು, ಒತ್ತುತ್ತಾನೆ, ಹುಡುಗ ತನಗೆ ಬರುವ ಒಂದು ರಿಫ್ ಬಾರಿಸುತ್ತಾನೆ, ಜೊತೆಗೆ ಬಂದ ಗೆಳೆಯ ತಲೆದೂಗುತ್ತಾನೆ ಇಲ್ಲವೇ ಮೂಗು ಮುರಿಯುತ್ತಾನೆ. ವ್ಯಾಪಾರ ಅಲ್ಲಿಗೆ ಇತ್ಯರ್ಥ. ಆ ಹುಡುಗ ತನ್ನ ಜನ್ಮದಲ್ಲಿ ಅಸಲಿ ಮಾರ್ಷಲ್ ಎದುರು ನಿಂತಿದ್ದಾನೆಯೇ? ಅಂಗಡಿಯವನಾದರೂ ನಿಂತಿದ್ದಾನೆಯೇ? ಅದನ್ನು ಯಾರೂ ಕೇಳುವುದಿಲ್ಲ.

ಪ್ರೊಸೆಸರ್ ಎಂದರೆ ನೆಲದ ಮೇಲಿಟ್ಟು ಕಾಲಿನಿಂದ ನಡೆಸುವ ಪೆಟ್ಟಿಗೆ. ಡಿಸ್ಟಾರ್ಷನ್, ಕೋರಸ್, ಡಿಲೇ, ರಿವರ್ಬ್ ಮುಂತಾದ ಹತ್ತಾರು ಪೆಡಲ್‌ಗಳು ಅದರೊಳಗಿವೆ. ಹೆಸರಾಂತ ಆಂಪ್ಲಿಫೈಯರ್‌ಗಳ, ಅವುಗಳ ಸ್ಪೀಕರ್ ಪೆಟ್ಟಿಗೆಗಳ ವರ್ತನೆಯನ್ನೂ ಅದು ಲೆಕ್ಕ ಹಾಕಿ ತೋರಿಸುತ್ತದೆ. ಇದರ ಸುತ್ತ ಎರಡು ಪಂಗಡಗಳು ಮೂವತ್ತು ವರ್ಷಗಳಿಂದ ಕಚ್ಚಾಡುತ್ತಿವೆ. ನಿರ್ವಾತ ಕೊಳವೆಗಳಿಂದ ನಡೆಯುವ ಆಂಪ್‌ಗಳನ್ನೇ ನಂಬಿದ ಟ್ಯೂಬ್‌ನಿಷ್ಠರು "ಎಷ್ಟು ಮಾಡಿದರೂ ಅಸಲಿ ಅಸಲಿಯೇ" ಎನ್ನುತ್ತಾರೆ. ಡಿಜಿಟಲ್ ಪಕ್ಷದವರು "ಈಗ ವ್ಯತ್ಯಾಸವೇ ಗೊತ್ತಾಗುವುದಿಲ್ಲ" ಎನ್ನುತ್ತಾರೆ. ಜಗಳ ಜೋರಾಗಿದೆ, ಆದರೆ ಇಬ್ಬರ ಕೈಯಲ್ಲಿರುವ ಅಳತೆಗೋಲು ಒಂದೇ. ಟ್ಯೂಬ್ ಆಂಪ್‌ಗೆ ಎಷ್ಟು ಹತ್ತಿರ ಎಂಬುದೇ ಪ್ರೊಸೆಸರ್‌ನ ಬೆಲೆ ಕಟ್ಟುವ ಮಾನದಂಡ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ನನ್ನ ತಕರಾರು ಆ ಒಪ್ಪಂದದ ಮೇಲೆ. ಈ ಅಳತೆಗೋಲು ಹಿಡಿದು ಪ್ರೊಸೆಸರ್ ಆರಿಸುವವರು ತಪ್ಪು ಡಬ್ಬಿಯನ್ನು ತಪ್ಪು ಕಾರಣಕ್ಕೆ ಕೊಂಡು, ಆಮೇಲೆ ತಪ್ಪು ಆರೋಪಿಯನ್ನು ಹಿಡಿದು ಬೈಯುತ್ತಾರೆ.

ಮೊದಲು ಈ ಅಸಲಿ ಯಾವುದು ಎಂದು ನೋಡೋಣ. ಎಲ್ಲರೂ ಪ್ರಮಾಣ ಮಾಡುವುದು ಮಾರ್ಷಲ್ ಮೇಲೆ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟುಕೊಂಡಿದ್ದ ಜಿಮ್ ಮಾರ್ಷಲ್‌ಗೆ 1960ರ ದಶಕದ ಆರಂಭದಲ್ಲಿ ಗಿರಾಕಿಗಳು ಅಮೆರಿಕದ ಫೆಂಡರ್ ಆಂಪ್‌ಗಳಿಗಾಗಿ ದುಂಬಾಲು ಬಿದ್ದಿದ್ದರು. ಅವು ದುಬಾರಿ, ಸಿಗುವುದೂ ಕಷ್ಟ. ಅಂಗಡಿಯ ರಿಪೇರಿ ಕೆಲಸದ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಹುಡುಗ ಸೇರಿ ಫೆಂಡರ್ ಬ್ಯಾಸ್‌ಮನ್ ಆಂಪಿನ ಸರ್ಕಿಟ್ಟನ್ನು ಹೆಚ್ಚುಕಡಿಮೆ ಹಾಗೇ ಎತ್ತಿ ಜೆಟಿಎಂ 45 ಮಾಡಿದರು. ಇಂಗ್ಲೆಂಡಿನಲ್ಲಿ ಸಿಕ್ಕ ಟ್ರಾನ್ಸ್‌ಫಾರ್ಮರ್ ಹಾಕಿದರು, ಮೊದಲ ಹಂತದ ಟ್ಯೂಬ್ ಬದಲಿಸಿದರು. ಫೆಂಡರ್‌ನ ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ 10 ಇಂಚಿನ ನಾಲ್ಕು ಸ್ಪೀಕರ್ ಇದ್ದರೆ ಇವರು ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕು ಸೆಲೆಶನ್ ಸ್ಪೀಕರ್ ಕೂರಿಸಿದರು. ನಕಲು ಮಾಡಲು ಹೋದದ್ದು ಬೇರೆಯೇ ಆಯಿತು, ಆ ಬೇರೆಯೇ ರಾಕ್ ಸಂಗೀತದ ದನಿಯಾಯಿತು. ಇನ್ನು ಬ್ಯಾಸ್‌ಮನ್? ಅದು ಗಿಟಾರಿಗಾಗಿ ಹುಟ್ಟಿದ್ದೇ ಅಲ್ಲ, ಬೇಸ್ ಗಿಟಾರಿಗೆಂದು ಲಿಯೋ ಫೆಂಡರ್ ಮಾಡಿದ ಆಂಪ್. ಅಂದರೆ ಇಂದು ಪ್ರೊಸೆಸರ್ ಕಂಪನಿಗಳು ನಿಷ್ಠೆಯಿಂದ ನಕಲಿಸುವ ಅಸಲಿಯೇ ಒಂದು ನಕಲು. ಅದೂ ಸರಿಯಾಗಿ ಹೋಲದ ನಕಲು. ಜಿಮ್ ಮಾರ್ಷಲ್‌ನ ಗಿರಾಕಿಗಳು "ಫೆಂಡರ್‌ಗೆ ಎಷ್ಟು ಹತ್ತಿರ" ಎಂಬ ಒಂದೇ ಪ್ರಶ್ನೆಗೆ ಜೋತುಬಿದ್ದಿದ್ದರೆ ಆ ಆಂಪ್ ಅಂಗಡಿಯ ಮೂಲೆಯಲ್ಲೇ ಧೂಳು ತಿನ್ನುತ್ತಿತ್ತು.

ಅಸಲಿಗಳು ತಮ್ಮತಮ್ಮಲ್ಲೇ ಒಂದನ್ನೊಂದು ಹೋಲುವುದಿಲ್ಲ ಎಂಬುದು ಇನ್ನೊಂದು ಕಷ್ಟ. ಆ ಕಾಲದ ರೆಸಿಸ್ಟರ್‌ಗಳಲ್ಲಿ ಶೇ 10ರಷ್ಟು, ನಾಬ್‌ಗಳ ಹಿಂದಿನ ಪೊಟೆನ್ಷಿಯೋಮೀಟರ್‌ಗಳಲ್ಲಿ ಶೇ 20ರಷ್ಟು ಹೆಚ್ಚುಕಮ್ಮಿ ಮಾಮೂಲು. ಟ್ಯೂಬ್ ಸವೆಯುತ್ತದೆ, ಕೆಪಾಸಿಟರ್ ಒಣಗುತ್ತದೆ, ಸ್ಪೀಕರಿನ ಕಾಗದ ಸಡಿಲವಾಗುತ್ತದೆ. ಒಂದೇ ವರ್ಷದ, ಒಂದೇ ಹೆಸರಿನ ಎರಡು ಆಂಪ್‌ಗಳನ್ನು ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕೇಳಿಸಬಹುದು, ಅವಳಿಗಳಂತೆ ಅಲ್ಲ. ಇದರ ಮೇಲೆ ವಾದಕರ ಕೈಚಳಕ ಬೇರೆ. ಎಡ್ಡಿ ವ್ಯಾನ್ ಹೇಲನ್ 1978ರ ಮೊದಲ ಆಲ್ಬಂ ಕಾಲಕ್ಕೆ ತನ್ನ ಮಾರ್ಷಲ್‌ಗೆ ಹೋಗುವ ವೋಲ್ಟೇಜನ್ನೇ ವೇರಿಯಾಕ್ ಎಂಬ ಉಪಕರಣ ಇಟ್ಟು ತಗ್ಗಿಸುತ್ತಿದ್ದ. ಹಾಗಿದ್ದರೆ ಮಾರ್ಷಲ್‌ಗೆ ಹತ್ತಿರ ಎಂದರೆ ಯಾವ ಮಾರ್ಷಲ್‌ಗೆ, ಯಾವ ವರ್ಷದ್ದಕ್ಕೆ, ಎಷ್ಟು ವೋಲ್ಟಿನಲ್ಲಿ, ಯಾರು ರಿಪೇರಿ ಮಾಡಿದ್ದಕ್ಕೆ?

ಟ್ಯೂಬ್ ಇಲ್ಲದೆ ಒಳ್ಳೆಯ ದನಿಯೇ ಇಲ್ಲ ಎಂಬ ಮಾತಂತೂ ಇತಿಹಾಸದ ಎದುರು ನಿಲ್ಲುವುದೇ ಇಲ್ಲ. ಕ್ವೀನ್ ತಂಡದ ಜಾನ್ ಡೀಕನ್ ಲಂಡನ್ನಿನ ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕಿಟ್ ಬೋರ್ಡಿನಿಂದ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಟ್ರಾನ್ಸಿಸ್ಟರ್ ಆಂಪ್ ಮಾಡಿದ. ಬ್ರಿಯಾನ್ ಮೇ ಹೆಣೆದ ಎಷ್ಟೋ ಗಿಟಾರ್ ಮೇಳಗಳು ಅದರೊಳಗಿಂದ ಬಂದವು. ಬಿ.ಬಿ. ಕಿಂಗ್ ವರ್ಷಗಟ್ಟಲೆ ನುಡಿಸಿದ್ದು ಲ್ಯಾಬ್ ಸೀರೀಸ್ ಎಲ್5 ಎಂಬ ಟ್ರಾನ್ಸಿಸ್ಟರ್ ಆಂಪಿನಲ್ಲಿ. ಡೆಫ್ ಲೆಪರ್ಡ್‌ನ 1987ರ 'ಹಿಸ್ಟೀರಿಯಾ' ಆಲ್ಬಂನ ಗಿಟಾರ್ ಬಹುಪಾಲು ರಾಕ್‌ಮನ್‌ನಿಂದ ಬಂದದ್ದು. ರಾಕ್‌ಮನ್ ಎಂದರೆ ಬಾಸ್ಟನ್ ತಂಡದ ಟಾಮ್ ಶೋಲ್ಜ್ ಮಾಡಿದ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಡ್‌ಫೋನಿನಲ್ಲಿ ಕೇಳುವ ಡಬ್ಬಿ. ಆ ಹಾಡುಗಳಿಗೆ ಕುಣಿದ ಕೋಟ್ಯಂತರ ಜನರಲ್ಲಿ ಒಬ್ಬನೂ "ಇದರಲ್ಲಿ ಟ್ಯೂಬ್ ಎಲ್ಲಿ?" ಎಂದು ಕ್ಯಾಸೆಟ್ ವಾಪಸ್ ಕೊಟ್ಟಿರಲಾರ.

ಹೀಗೆಂದ ಮಾತ್ರಕ್ಕೆ ಟ್ಯೂಬ್ ಆಂಪ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದೊಡ್ಡ ಕೋಣೆಯಲ್ಲಿ ವೋಲ್ಯೂಮ್ ಏರಿಸಿದ ಒಳ್ಳೆಯ ಟ್ಯೂಬ್ ಆಂಪ್ ಎದುರು ನಿಲ್ಲುವುದು ಮೈ ಜುಮ್ಮೆನ್ನುವ ಸಂಗತಿ. ಆದರೆ ಆ ಸುಖ ಅನುಭವಿಸುವವನು ಆಂಪ್ ಮುಂದೆ ನಿಂತ ಒಬ್ಬನೇ. ಸಭಿಕರಿಗೆ ಕೇಳುವುದು ಸ್ಪೀಕರಿನ ಬಟ್ಟೆಗೆ ಮೂತಿ ತಾಗಿಸಿಟ್ಟ ಮೈಕ್ ಹಿಡಿದು, ಮಿಕ್ಸರ್ ದಾಟಿ, ವೇದಿಕೆಯ ಎರಡೂ ಬದಿಯ ಸೌಂಡ್ ಸಿಸ್ಟಂನಿಂದ ಹೊರಬಂದದ್ದು. ರೆಕಾರ್ಡಿನಲ್ಲಿ ಕೇಳುವುದೂ ಅದೇ. ಆ ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿಗೆ ಒಂದೆರಡು ಇಂಚು ಸರಿಸಿದರೆ ಆಗುವ ಬದಲಾವಣೆ ಎಷ್ಟೋ ಸಲ ಆಂಪನ್ನೇ ಬದಲಿಸಿದ್ದಕ್ಕಿಂತ ದೊಡ್ಡದು. ಸ್ಟುಡಿಯೋದಲ್ಲಿ ಕೆಲಸ ಮಾಡಿದ ಯಾವ ಇಂಜಿನಿಯರನ್ನು ಕೇಳಿದರೂ ಈ ಮಾತನ್ನು ಒಪ್ಪುತ್ತಾರೆ. ಪ್ರೊಸೆಸರ್ ತೋರಿಸುವುದು ಈ ಎರಡನೆಯ ದನಿಯನ್ನು, ಮೈಕ್ ಹಿಡಿದ ದನಿಯನ್ನು. ಕೊಳ್ಳುವವನು ಹುಡುಕುವುದು ಮೊದಲನೆಯದನ್ನು. ಹೆಡ್‌ಫೋನ್ ಕಿವಿಗಿಟ್ಟುಕೊಂಡು ಎದೆಗೆ ಗಾಳಿ ಬಡಿಯಲಿಲ್ಲ ಎಂದು ದೂರಿದರೆ ಡಬ್ಬಿ ಏನು ಮಾಡೀತು?

"ಡಿಜಿಟಲ್ ನನಗೆ ಒಗ್ಗಲಿಲ್ಲ" ಎನ್ನುವವರನ್ನು ಸ್ವಲ್ಪ ಕೆದಕಿ ಕೇಳಿ: "ಯಾವುದಕ್ಕೆ ಚುಚ್ಚಿದ್ದೆ?" ಹತ್ತರಲ್ಲಿ ಆರೇಳು ಮಂದಿಯ ಸಮಸ್ಯೆ ಅಲ್ಲೇ ಹೊರಬೀಳುತ್ತದೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ 5,000 ಹರ್ಟ್ಸ್ ಆಸುಪಾಸು ದಾಟಿದರೆ ಸರಸರನೆ ಕುಸಿಯುತ್ತದೆ. ಡಿಸ್ಟಾರ್ಷನ್‌ನ ಕರ್ಕಶವನ್ನೆಲ್ಲ ನುಂಗುವುದು ಈ ಕುಸಿತವೇ. ಸಭಾಂಗಣದ ಸೌಂಡ್ ಸಿಸ್ಟಂ ಹಾಗಲ್ಲ, ಅದರ ಟ್ವೀಟರ್ ಮನುಷ್ಯನ ಕಿವಿಗೆ ಕೇಳುವ ತುದಿಯವರೆಗೂ ಹೋಗುತ್ತದೆ. ಆದ್ದರಿಂದ ಪ್ರೊಸೆಸರನ್ನು ನೇರ ಮಿಕ್ಸರಿಗೆ ಕೊಡುವಾಗ ಅದರೊಳಗಿನ ಕ್ಯಾಬಿನೆಟ್ ಸಿಮ್ಯುಲೇಶನ್, ಅಂದರೆ ಸ್ಪೀಕರ್ ಪೆಟ್ಟಿಗೆಯ ಅನುಕರಣೆ, ಚಾಲೂ ಇರಬೇಕು, ಇಲ್ಲವಾದರೆ ಗಿಟಾರು ಜೇನುಗೂಡಿಗೆ ಕಲ್ಲು ಬಿದ್ದ ಸದ್ದು ಮಾಡುತ್ತದೆ. ಅದನ್ನೇ ಗಿಟಾರ್ ಆಂಪಿಗೆ ಕೊಡುವಾಗ ಆ ಸಿಮ್ಯುಲೇಶನ್ ಬಂದಾಗಬೇಕು, ಇಲ್ಲವಾದರೆ ಸ್ಪೀಕರಿನ ಮೇಲೆ ಸ್ಪೀಕರ್ ಕೂತು ದನಿ ಮಂಕಾಗುತ್ತದೆ. ಆಂಪ್ ಮಾದರಿಯೂ ಚಾಲೂ ಇದ್ದರೆ ಡಬ್ಬಿಯನ್ನು ಆಂಪಿನ ಮುಂದಿನ ಇನ್‌ಪುಟ್‌ಗಲ್ಲ, ಹಿಂದಿನ ಎಫೆಕ್ಟ್ಸ್ ರಿಟರ್ನ್‌ಗೆ ಕೊಡಬೇಕು. ಈ ಮೂರು ಸಂಗತಿ ತಿಳಿಯದೆ ಲಕ್ಷ ರೂಪಾಯಿಯ ಡಬ್ಬಿಯನ್ನು ಅಭ್ಯಾಸದ 15 ವಾಟ್ ಆಂಪಿನ ಮುಂಬಾಗಿಲಿಗೆ ಚುಚ್ಚಿ, "ಅಸಲಿ ಥರ ಇಲ್ಲ" ಎಂದು ತೀರ್ಪು ಕೊಡುವವರನ್ನು ನೋಡಿ ನೋಡಿ ಸಾಕಾಗಿದೆ. ಆ ತೀರ್ಪು ಕೇಳಿ ಅದರಪ್ಪನಂಥ ಇನ್ನೊಂದು ಡಬ್ಬಿ ಕೊಳ್ಳುವವರೂ ಇದ್ದಾರೆ. ಚುಚ್ಚುವ ಜಾಗ ಮಾತ್ರ ಬದಲಾಗುವುದಿಲ್ಲ.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ: ನಿಮ್ಮ ದನಿ ಕೊನೆಗೆ ಎಲ್ಲಿಂದ ಹೊರಬರುತ್ತದೆ? ಹೆಡ್‌ಫೋನ್, ಮಿಕ್ಸರ್, ಮನೆಯಲ್ಲಿರುವ ಆಂಪ್, ಕಂಪ್ಯೂಟರ್ ಈ ನಾಲ್ಕರಲ್ಲಿ ಯಾವುದು ನಿಮ್ಮದು ಎಂದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ. ಮಿಕ್ಸರಿಗೆ ಹೋಗುವವನಿಗೆ ಎಕ್ಸ್‌ಎಲ್‌ಆರ್ ಔಟ್‌ಪುಟ್ ಬೇಕು, ಹಮ್ ಬಂದಾಗ ಒತ್ತಲು ಗ್ರೌಂಡ್ ಲಿಫ್ಟ್ ಬೇಕು. ನಮ್ಮಲ್ಲಿ ಎಷ್ಟೋ ಶಾಮಿಯಾನಗಳಲ್ಲಿ ಅರ್ಥಿಂಗ್ ಎಂಬುದು ಹೆಸರಿಗಷ್ಟೇ. ಆಂಪ್ ಇಟ್ಟುಕೊಂಡವನಿಗೆ ಸೆಂಡ್ ರಿಟರ್ನ್ ಜ್ಯಾಕ್‌ಗಳು ಬೇಕು, ಆಗ ಆಂಪಿನ ಸ್ವಂತ ದನಿಯನ್ನು ಉಳಿಸಿಕೊಂಡೇ ಡಿಲೇ, ರಿವರ್ಬ್‌ಗಳನ್ನು ಅದರ ನಂತರ ಸೇರಿಸಬಹುದು. ಎಲ್ಲ ಹಾಡಿಗೂ ಸೇರಿ ಒಂದೇ ಕಡೆ ತಿರುಗಿಸುವ ಗ್ಲೋಬಲ್ ಈಕ್ಯೂ ಇಬ್ಬರಿಗೂ ಬೇಕು. ಊರಿಂದೂರಿಗೆ ಸೌಂಡ್ ಸಿಸ್ಟಂ ಬದಲಾಗುತ್ತದೆ, ಐವತ್ತು ಪ್ಯಾಚ್‌ಗಳನ್ನು ಒಂದೊಂದಾಗಿ ತಿದ್ದುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಈ ಯಾವುದೂ ಅಂಗಡಿಯಲ್ಲಿ ಬಾರಿಸುವ ಆ ಒಂದು ರಿಫ್‌ನಲ್ಲಿ ಕೇಳಿಸುವುದಿಲ್ಲ. ಡಬ್ಬಿಯ ಬೆನ್ನು ತಿರುಗಿಸಿ ನೋಡಬೇಕು.

ಇನ್ನೊಂದು ಸಂಗತಿಯನ್ನು ಅಸಲಿವಾದಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು: ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳೂ ತೀರಾ ಮೇಲಿನ ಸ್ವರಗಳೂ ಕಡಿಮೆ ಕೇಳಿಸುತ್ತವೆ, ಸದ್ದು ಏರಿದಂತೆ ಅವು ಮುಂದೆ ಬರುತ್ತವೆ. ರಾತ್ರಿ ಹನ್ನೊಂದಕ್ಕೆ, ಮನೆಯವರು ಮಲಗಿದ ಮೇಲೆ, ಹೆಡ್‌ಫೋನಿನಲ್ಲಿ ಮೆಲ್ಲಗೆ ಟೋನ್ ಮಾಡುವವನು ಸಹಜವಾಗಿಯೇ ಬೇಸ್ ಏರಿಸುತ್ತಾನೆ, ಟ್ರೆಬಲ್ ಏರಿಸುತ್ತಾನೆ, ಮಿಡ್ ಇಳಿಸುತ್ತಾನೆ. ಕಿವಿಗೆ ಸೊಗಸಾಗಿಯೇ ಇರುತ್ತದೆ. ವೇದಿಕೆಯಲ್ಲಿ ಅದೇ ಪ್ಯಾಚ್ ಬೇಸ್ ಗಿಟಾರಿನ ಜಾಗಕ್ಕೆ ನುಗ್ಗುತ್ತದೆ, ಸಿಂಬಲ್‌ನ ಜಾಗದಲ್ಲಿ ಚುಚ್ಚುತ್ತದೆ, ಗಿಟಾರು ಕೇಳಬೇಕಾದ ನಡುವಿನ ಜಾಗದಲ್ಲಿ ಮಾತ್ರ ಇರುವುದಿಲ್ಲ. ಮನೆಯ ಸಾರಿನ ಅಳತೆಯಲ್ಲೇ ಮದುವೆಮನೆಯ ಸಾರು ಮಾಡಿದಂತಾಗುತ್ತದೆ. ಟ್ಯೂಬ್ ಆಂಪನ್ನು ಜನ ಸಾಮಾನ್ಯವಾಗಿ ಜೋರಾಗಿಟ್ಟೇ ಹೊಂದಿಸಿಕೊಳ್ಳುವುದರಿಂದ ಅದಕ್ಕೆ ಈ ಕಾಟ ಕಡಿಮೆ. ಅಸಲಿಯ ಮಹಿಮೆ ಎಂದು ಹೊಗಳುವುದರಲ್ಲಿ ಎಷ್ಟೋ ಪಾಲು ಇಷ್ಟೇ, ಜೋರಾಗಿಟ್ಟು ಹೊಂದಿಸಿದ್ದು. ಪ್ರೊಸೆಸರಿನ ಪ್ಯಾಚನ್ನೂ ತಂಡದ ಜೊತೆ, ತಂಡದ ಸದ್ದಿನಲ್ಲಿ ಹೊಂದಿಸಿ ನೋಡಿ. ಕಂಪನಿಯವರು ತುಂಬಿ ಕಳಿಸಿದ ಪ್ಯಾಚ್‌ಗಳೂ ಒಬ್ಬಂಟಿಯಾಗಿ ಕೇಳಿದಾಗ ಬೆರಗು ಹುಟ್ಟಿಸಲೆಂದೇ ಆದವು. ಸಮುದ್ರದಷ್ಟು ರಿವರ್ಬ್, ಎಡಕ್ಕೂ ಬಲಕ್ಕೂ ಪುಟಿಯುವ ಡಿಲೇ. ನಮ್ಮ ಸೌಂಡ್‌ನವರು ಕೊಡುವುದು ಒಂದೇ ವೈರು, ಮೋನೋ. ಅರ್ಧ ಡಿಲೇ ಅಲ್ಲೇ ಮಾಯ.

ಅಸಲಿಯ ಗೀಳು ಅಂಗಡಿಯಲ್ಲಿ ತಾಳುವ ಇನ್ನೊಂದು ರೂಪ ಪಟ್ಟಿಯ ಉದ್ದ. ಇದರಲ್ಲಿ ಇಷ್ಟು ನೂರು ಆಂಪ್, ಅದರಲ್ಲಿ ಅಷ್ಟು ನೂರು. ಈಗ ಅದೂ ಸಾಲದೆ ಕ್ಯಾಪ್ಚರ್‌ಗಳ ಕಾಲ. ಜರ್ಮನಿಯ ಕ್ರಿಸ್ಟೋಫ್ ಕೆಂಪರ್ 2010ರ ದಶಕದ ಆರಂಭದಲ್ಲೇ ಆಂಪಿನ ದನಿಯನ್ನು ಅಳೆದು ಹಿಡಿದಿಡುವ ಪ್ರೊಫೈಲಿಂಗ್ ತಂದ. ಹೆಲ್ಸಿಂಕಿಯ ನ್ಯೂರಲ್ ಡಿಎಸ್‌ಪಿ ಕಂಪನಿಯ ಕ್ವಾಡ್ ಕಾರ್ಟೆಕ್ಸ್ ಆ ಕೆಲಸವನ್ನು ನ್ಯೂರಲ್ ನೆಟ್‌ವರ್ಕ್‌ಗೆ ಒಪ್ಪಿಸಿತು. ಇಟಲಿಯ ಐಕೆ ಮಲ್ಟಿಮೀಡಿಯಾ ಟೋನೆಕ್ಸ್ ತಂದಿತು. ಸ್ಟೀವನ್ ಅಟ್ಕಿನ್ಸನ್ ಬರೆದ ನ್ಯೂರಲ್ ಆಂಪ್ ಮಾಡೆಲರ್ ಅಂತೂ ಓಪನ್ ಸೋರ್ಸ್, ಕಾಸು ಕೊಡಬೇಕಿಲ್ಲ. ಕಂಪ್ಯೂಟರ್ ಇರುವ ಯಾರು ಬೇಕಾದರೂ ಜಗತ್ತಿನ ಮೂಲೆಯಲ್ಲಿರುವ ಯಾವುದೋ ಆಂಪಿನ ಪ್ರತಿಕೃತಿಯನ್ನು ಇಳಿಸಿಕೊಂಡು ನುಡಿಸಬಹುದು. ಅಸಲಿವಾದಿಗಳು ಇದನ್ನು ತಮ್ಮ ಗೆಲುವೆಂದು ಸಂಭ್ರಮಿಸುತ್ತಾರೆ. ಅವರ ವಾದಕ್ಕೆ ಇದಕ್ಕಿಂತ ದೊಡ್ಡ ಹೊಡೆತ ಇಲ್ಲ ಎಂದು ನನಗನ್ನಿಸುತ್ತದೆ. ಅಸಲಿಗೆ ಹತ್ತಿರವಾದ ದನಿ ಪುಕ್ಕಟೆ ಸಿಗುವಾಗ, ಡಬ್ಬಿಗೆ ಲಕ್ಷ ರೂಪಾಯಿ ಕೊಡುವುದು ಏತಕ್ಕೆ? ತಗಡಿಗೆ, ಸ್ವಿಚ್‌ಗೆ, ಜ್ಯಾಕ್‌ಗೆ, ಪರದೆಗೆ, ಒಳಹೋಗುವ ಹೊರಬರುವ ದಾರಿಗಳಿಗೆ, ಪ್ಯಾಚ್ ಬದಲಿಸುವಾಗ ಸದ್ದು ಕಡಿಯದಂತೆ ನೋಡಿಕೊಳ್ಳುವ ಜಾಣ್ಮೆಗೆ. ಹಣ ಕೊಡುವುದು ಇವಕ್ಕೆ, ಪರೀಕ್ಷಿಸುವುದು ಮಾತ್ರ ಪುಕ್ಕಟೆ ಸಿಗುವುದನ್ನು!

ಪ್ರೊಸೆಸರ್ ಕಾಲಿನ ವಾದ್ಯ. ಗಣೇಶೋತ್ಸವದ ವಾದ್ಯಗೋಷ್ಠಿಯಲ್ಲಿ ಗಿಟಾರ್ ಹಿಡಿದು ನಿಂತವನನ್ನು ನೋಡಿ. ಆತನ ಹಿಂದೆ ಆಂಪ್ ಇಲ್ಲ, ಎಷ್ಟೋ ವರ್ಷಗಳಿಂದ ಇಲ್ಲ. ಪ್ರೊಸೆಸರಿನಿಂದ ಹೊರಟ ವೈರು ನೇರ ಮಿಕ್ಸರಿಗೆ. 1987ರ 'ಪ್ರೇಮಲೋಕ'ದ ಹಾಡು ಮುಗಿಯುತ್ತಿದ್ದಂತೆ 2006ರ 'ಮುಂಗಾರು ಮಳೆ'ಯ ಹಾಡು, ಅದರ ಬೆನ್ನಿಗೆ ಈ ವರ್ಷದ ಕುಣಿತದ ಹಾಡು. ಒಂದಕ್ಕೆ ಕೋರಸ್ ಬೆರೆತ ಕ್ಲೀನ್, ಒಂದಕ್ಕೆ ಅಕೂಸ್ಟಿಕ್‌ನಂಥ ಸ್ಟ್ರಮ್, ಒಂದಕ್ಕೆ ವಾವಾ, ನಡುವೆ ನಾಲ್ಕು ಮಾತ್ರೆಯ ಲೀಡು. ಕೀಬೋರ್ಡಿನವನು ಕಣ್ಣು ಹೊಡೆದರೆ ಪಲ್ಲವಿ ಇನ್ನೊಮ್ಮೆ, ಹೊಡೆಯದಿದ್ದರೆ ಚರಣ. ಈ ಗದ್ದಲದಲ್ಲಿ ಆತನಿಗೆ ಬೇಕಾದ ದನಿಗಳು ಹೆಚ್ಚೆಂದರೆ ಐದಾರು, ಆದರೆ ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಬೇಕು. ಮಾರ್ಷಲ್ 1965ರದ್ದೋ 1968ರದ್ದೋ ಎಂಬ ಜಿಜ್ಞಾಸೆಗೆ ಅಲ್ಲಿ ಎಡೆಯಿಲ್ಲ. ಪ್ಯಾಚಿನಿಂದ ಪ್ಯಾಚಿಗೆ ಹೋಗುವಾಗ ಹಳೆಯ ಡಿಲೇಯ ಬಾಲ ಉಳಿಯುತ್ತದೆಯೋ ಕತ್ತರಿಸಿ ಹೋಗುತ್ತದೆಯೋ, ಒಂದೇ ಒತ್ತಿಗೆ ಮೂರು ಎಫೆಕ್ಟ್ ಒಟ್ಟಿಗೆ ಬದಲಾಗುತ್ತವೆಯೋ, ಲೀಡ್ ಬಂದಾಗ ದನಿ ತುಸು ಏರುವಂತೆ ಕಟ್ಟಿಡಬಹುದೋ ಎಂಬುದೇ ಅಲ್ಲಿ ಜೀವನ್ಮರಣದ ಪ್ರಶ್ನೆ. ಸ್ನ್ಯಾಪ್‌ಶಾಟ್ ಎಂದೋ ಸೀನ್ ಎಂದೋ ಕಂಪನಿಗಳು ಕರೆಯುವ ಸೌಲಭ್ಯ ಇದಕ್ಕಾಗಿಯೇ ಇದೆ. ಒಂದೇ ಪ್ಯಾಚಿನೊಳಗೆ ಹಲವು ಸ್ಥಿತಿಗಳು, ನಡುವೆ ಸದ್ದು ಕಡಿಯುವುದಿಲ್ಲ. ಮಾಡೆಲ್ ಎಷ್ಟು ಎಂದು ಎಣಿಸಿದವರು ಸ್ವಿಚ್ ಎಷ್ಟು ಎಂದು ಎಣಿಸಿರುವುದಿಲ್ಲ. ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ ದನಿಯಲ್ಲಿ ತನ್ನ ಅಣ್ಣ ಹೀಲಿಕ್ಸ್‌ನ ವಂಶದ್ದೇ, ಆದರೆ ಅದರಲ್ಲಿರುವುದು ಮೂರು ಸ್ವಿಚ್. ಸ್ಟುಡಿಯೋಗೆ, ಸಣ್ಣ ಪೆಡಲ್‌ಬೋರ್ಡಿಗೆ ಅದು ಒಳ್ಳೆಯ ಡಬ್ಬಿ. ವಾದ್ಯಗೋಷ್ಠಿಯವನು ಅಸಲಿತನಕ್ಕೆ ಮರುಳಾಗಿ ಅದೊಂದನ್ನೇ ಕೊಂಡರೆ ಮೂರು ಸ್ವಿಚ್ಚಿನ ಮೇಲೆ ಕುಂಟಾಬಿಲ್ಲೆ ಆಡಬೇಕಾಗುತ್ತದೆ. ಅದೇ ಮನೆಯ ಪಾಡ್ ಗೋದಲ್ಲಿ ಆಂಪ್ ಒಂದೇ, ಬೇಕಾದಂತೆ ಇಟ್ಟುಕೊಳ್ಳಬಹುದಾದ ಎಫೆಕ್ಟ್‌ಗಳು ನಾಲ್ಕೇ. ಪಂಡಿತರು ಅದನ್ನು ಬಡವರ ಹೀಲಿಕ್ಸ್ ಎಂದು ತಳ್ಳಿಹಾಕುತ್ತಾರೆ. ಅದಕ್ಕೆ ಎಂಟು ಸ್ವಿಚ್ಚೂ ಒಂದು ಎಕ್ಸ್‌ಪ್ರೆಶನ್ ಪೆಡಲ್ಲೂ ಇದೆ, ಹಾಡಿಗೆ ಅಷ್ಟು ಸಾಕು.

ನಮ್ಮ ಕಡೆಯ ಒಂದು ವಿಶೇಷ ಯಾವ ವಿದೇಶಿ ವಿಮರ್ಶೆಯಲ್ಲೂ ಸಿಗದು. ದೇವರ ಮೂರ್ತಿ ಇರುವ ವೇದಿಕೆಯಲ್ಲಿ ಚಪ್ಪಲಿ ಹಾಕುವಂತಿಲ್ಲ. ಬರಿಗಾಲಿನಲ್ಲಿ ಉಕ್ಕಿನ ಸ್ವಿಚ್ ಒತ್ತುವುದು ಬೂಟುಗಾಲಿನಲ್ಲಿ ಒತ್ತಿದಷ್ಟು ಸಲೀಸಲ್ಲ. ಬೆರಳು ಪಕ್ಕದ ಸ್ವಿಚ್ಚಿಗೂ ತಾಗುತ್ತದೆ, ಗಟ್ಟಿ ಸ್ಪ್ರಿಂಗ್ ಪಾದ ನೋಯಿಸುತ್ತದೆ. ಅಂಗಡಿಯಲ್ಲಿ ಮೇಜಿನ ಮೇಲಿಟ್ಟು ಕೈಯಿಂದ ಒತ್ತಿ ನೋಡುವುದು ಯಾವ ಪರೀಕ್ಷೆಯೂ ಅಲ್ಲ. ನೆಲಕ್ಕಿಳಿಸಿ, ಚಪ್ಪಲಿ ಬಿಟ್ಟು, ನಿಂತು ಒತ್ತಿ ನೋಡಿ. ಅಂಗಡಿಯವನು ನಕ್ಕರೆ ನಗಲಿ. ಹಾಗೆಯೇ ಕರೆಂಟು. ಜನರೇಟರ್ ಬದಲಿಸುವಾಗ ಒಂದು ಕ್ಷಣ ಕರೆಂಟ್ ಹೋಗಿ ಬಂದರೆ ಪ್ರೊಸೆಸರ್ ಕಂಪ್ಯೂಟರಿನಂತೆ ಮೊದಲಿನಿಂದ ಏಳಬೇಕು. ಕೆಲವು ಬೇಗ ಏಳುತ್ತವೆ, ಕೆಲವಕ್ಕೆ ಅರ್ಧ ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತದೆ. ಹಾಡಿನ ನಡುವೆ ಅರ್ಧ ನಿಮಿಷ ಎಷ್ಟು ಉದ್ದ ಎಂಬುದು ನಿಂತವನಿಗೇ ಗೊತ್ತು. ಅಮೆರಿಕದಲ್ಲಿರುವ ಭಾವನೋ ಚಿಕ್ಕಪ್ಪನೋ ತಂದುಕೊಟ್ಟ ಡಬ್ಬಿಯಾದರೆ ಚುಚ್ಚುವ ಮೊದಲು ಅಡಾಪ್ಟರ್ ಮೇಲಿನ ಅಕ್ಷರ ಓದಿ. ಹಳೆಯವು ಕೆಲವು 120 ವೋಲ್ಟಿಗೆ ಮಾತ್ರ ಆದವು, ನಮ್ಮ 230 ವೋಲ್ಟ್ ಅವನ್ನು ಒಂದೇ ಏಟಿಗೆ ಸುಟ್ಟುಬಿಡುತ್ತದೆ.

ಇಷ್ಟಾದ ಮೇಲೂ ಅಸಲಿವಾದಿಯ ಬತ್ತಳಿಕೆಯಲ್ಲಿ ಒಂದು ಬಾಣ ಉಳಿದಿರುತ್ತದೆ. "ಕೇಳುವವರಿಗೆ ಗೊತ್ತಾಗದಿರಬಹುದು, ನುಡಿಸುವವನ ಬೆರಳಿಗೆ ಗೊತ್ತಾಗುತ್ತದೆ" ಎನ್ನುತ್ತಾನೆ. ಇದು ತಳ್ಳಿಹಾಕುವ ಮಾತಲ್ಲ. ಮೀಟು ಮೆಲ್ಲಗಾದಾಗ ದನಿ ತಿಳಿಯಾಗಬೇಕು, ಬಲವಾದಾಗ ಒಡೆಯಬೇಕು, ಗಿಟಾರಿನ ವೋಲ್ಯೂಮ್ ನಾಬ್ ಇಳಿಸಿದಾಗ ಡಿಸ್ಟಾರ್ಷನ್ ಕರಗಬೇಕು. ಈ ಒಡನಾಟ ಇಲ್ಲದ ಡಬ್ಬಿ ನುಡಿಸುವವನನ್ನು ಸೋಮಾರಿ ಮಾಡುತ್ತದೆ. ಆದರೆ ಬೆರಳಿಗೆ ಸಿಗುವ ಆ ಅನುಭವದಲ್ಲಿ ಆಂಪ್ ಮಾದರಿಯ ಪಾಲು ಎಷ್ಟು, ಸುತ್ತಲಿನ ಸಂಗತಿಗಳ ಪಾಲು ಎಷ್ಟು ಎಂದು ಬಿಡಿಸಿ ನೋಡುವವರು ಕಡಿಮೆ. ಇನ್‌ಪುಟ್ ಇಂಪೆಡೆನ್ಸ್ 1 ಮೆಗಾಓಮ್ ಆಸುಪಾಸು ಇಲ್ಲದಿದ್ದರೆ ಪಿಕಪ್‌ನ ಹೊಳಪು ಮೊದಲ ಜ್ಯಾಕಿನಲ್ಲೇ ಮಸುಕಾಗುತ್ತದೆ. ಇನ್‌ಪುಟ್ ಮಟ್ಟ ಹೊಂದಿಸದಿದ್ದರೆ ಯಾವ ಮಾದರಿಯೂ ತನ್ನಂತೆ ವರ್ತಿಸುವುದಿಲ್ಲ. ಇನ್ನು ತಡವಾಗಿ ಕೇಳುತ್ತದೆ ಎಂಬ ದೂರು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ತನ್ನ ಟ್ಯೂಬ್ ಆಂಪಿನಿಂದ 3 ಮೀಟರ್ ದೂರ ನಿಂತವನಿಗೆ ಅದು ಕೇಳುವುದೇ ಹೆಚ್ಚುಕಡಿಮೆ 9 ಮಿಲಿಸೆಕೆಂಡ್ ತಡವಾಗಿ. ಇಂದಿನ ಒಳ್ಳೆಯ ಪ್ರೊಸೆಸರ್‌ಗಳು ತಾವಾಗಿ ಸೇರಿಸುವ ವಿಳಂಬ ಅದಕ್ಕಿಂತ ಕಡಿಮೆ. ಡಿಜಿಟಲ್ ವೈರ್‌ಲೆಸ್, ಡಿಜಿಟಲ್ ಮಿಕ್ಸರ್, ಇಯರ್ ಮಾನಿಟರ್ ಎಲ್ಲ ಸೇರಿದರೆ ವಿಳಂಬ ಬೆಳೆಯುತ್ತದೆ ನಿಜ, ಆ ಪಾಪ ಡಬ್ಬಿಯೊಂದರದ್ದೇ ಅಲ್ಲ.

ಒಂದು ಕಾಲಕ್ಕೆ ಈ ಗೀಳು ಅಗತ್ಯವಾಗಿತ್ತು ಎಂದು ಒಪ್ಪುತ್ತೇನೆ. 1990ರ ದಶಕದ ಅಗ್ಗದ ಡಬ್ಬಿಗಳ ಡಿಸ್ಟಾರ್ಷನ್ ನಿಜಕ್ಕೂ ಅಸಹ್ಯವಾಗಿತ್ತು. ಅದಕ್ಕೊಂದು ಕಾರಣವಿತ್ತು. ಡಿಸ್ಟಾರ್ಷನ್ ಎಂದರೆ ಹೊಸ ಹೊಸ ಮೇಲ್‌ಸ್ವರಗಳ ಸೃಷ್ಟಿ. ಅವು ಡಿಜಿಟಲ್ ಸ್ಯಾಂಪ್ಲಿಂಗ್ ದರದ ಅರ್ಧವನ್ನು ದಾಟಿದರೆ ಮಡಚಿಕೊಂಡು ಕೆಳಗೆ ಬಂದು, ನುಡಿಸಿದ ಸ್ವರಕ್ಕೆ ಸಂಬಂಧವೇ ಇಲ್ಲದ ಅಪಸ್ವರಗಳಾಗಿ ಕೂರುತ್ತವೆ. ಇದಕ್ಕೆ ಪರಿಹಾರ ಒಳಗಿನ ಲೆಕ್ಕವನ್ನು ಹಲವು ಪಟ್ಟು ವೇಗದಲ್ಲಿ ಮಾಡುವುದು, ಅದಕ್ಕೆ ಬೇಕಾದ ಚಿಪ್ಪಿನ ಬಲ ಆಗ ಅಗ್ಗವಾಗಿರಲಿಲ್ಲ. 1995ರಲ್ಲಿ ರೋಲ್ಯಾಂಡ್ ವಿಜಿ-8, 1998ರಲ್ಲಿ ಲೈನ್ 6ರ ಹುರುಳಿಕಾಳಿನಾಕಾರದ ಕೆಂಪು ಪಾಡ್, 2006ರಲ್ಲಿ ಫ್ರಾಕ್ಟಲ್‌ನ ಆ್ಯಕ್ಸ್-ಎಫ್‌ಎಕ್ಸ್ ಬಂದು ಮೆಟ್ಟಿಲು ಮೆಟ್ಟಿಲಾಗಿ ಈ ತೊಡಕನ್ನು ದಾಟಿದ್ದು ಅಸಲಿಯ ಹಟದಿಂದಲೇ. ಆ ಯುದ್ಧ ಗೆದ್ದಾಗಿದೆ. ಗೆದ್ದ ಮೇಲೂ ಕತ್ತಿ ಝಳಪಿಸುತ್ತ ತಿರುಗುವವರಿಗೆ ಏನು ಹೇಳುವುದು?

ಹೊಸಬರಿಗೆ ಕೊಡುವ "ಮೊದಲು ಒಳ್ಳೆಯ ಟ್ಯೂಬ್ ಆಂಪಿನಲ್ಲಿ ಕಲಿ, ಆಮೇಲೆ ಪ್ರೊಸೆಸರ್" ಎಂಬ ಉಪದೇಶದ ಬಗ್ಗೆ ಎರಡೇ ಮಾತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ 50 ವಾಟ್ ಟ್ಯೂಬ್ ಆಂಪನ್ನು ಅದರ ದನಿ ಅರಳುವ ಮಟ್ಟಕ್ಕೆ ಏರಿಸಿದರೆ ಸದ್ದು 100 ಡೆಸಿಬೆಲ್ ದಾಟುತ್ತದೆ. 2000ದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿದೆ. ಮಿತಿಯೊಳಗಿಟ್ಟ ಟ್ಯೂಬ್ ಆಂಪ್ ಅರಳದ ಟ್ಯೂಬ್ ಆಂಪ್, ಅದರ ಮುಂದೆ ಹೆಡ್‌ಫೋನಿಗೆ ಕೊಟ್ಟ ಮಾಮೂಲು ಪ್ರೊಸೆಸರೇ ಮೇಲು.

ಹೆಡ್‌ಫೋನ್ ಎಂದಾಗ ನೆನಪಾಯಿತು. ಮೆಟಾಲಿಕಾ ತಂಡ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದನ್ನು ನಮ್ಮ ಟ್ಯೂಬ್‌ನಿಷ್ಠರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಅದೇ ತಂಡ 2013ರ ಡಿಸೆಂಬರ್ 8ರಂದು ಅಂಟಾರ್ಕ್ಟಿಕಾದಲ್ಲಿ, ಅರ್ಜೆಂಟೀನಾದ ಕಾರ್ಲಿನಿ ನೆಲೆಯ ಒಂದು ಗುಮ್ಮಟದೊಳಗೆ ನುಡಿಸಿತು. ಅಲ್ಲಿನ ಪರಿಸರಕ್ಕೆ ಸದ್ದಿನ ಹಾವಳಿ ಆಗಬಾರದೆಂದು ಜೋರು ಆಂಪ್‌ಗಳಿಲ್ಲ, ಗಿಟಾರುಗಳು ಆ್ಯಕ್ಸ್-ಎಫ್‌ಎಕ್ಸ್ 2 ಮೂಲಕ ಹೋದವು, ಕೇಳುಗರೆಲ್ಲ ಹೆಡ್‌ಫೋನ್ ಹಾಕಿಕೊಂಡು ತಲೆ ಆಡಿಸಿದರು. ಬೇಕಾದಷ್ಟು ಟ್ಯೂಬ್ ಆಂಪ್ ಕೊಳ್ಳಬಲ್ಲ ಆ ತಂಡ ಆಮೇಲಿನ ಪ್ರವಾಸಗಳಿಗೂ ಆ ಡಬ್ಬಿಗಳನ್ನೇ ಒಯ್ದಿತು. ಅವರು ಡಬ್ಬಿ ಆರಿಸಿದ್ದು ಕೆಲಸ ನೋಡಿ.

ಆ ಆ್ಯಕ್ಸ್-ಎಫ್‌ಎಕ್ಸ್ 2 ಈಗ ಮಾರುಕಟ್ಟೆಯ ದೃಷ್ಟಿಯಲ್ಲಿ ಹಳೆಯ ಸರಕು. 2015ರ ಹೀಲಿಕ್ಸ್‌ಗೂ 2025ರಲ್ಲಿ ಹೀಲಿಕ್ಸ್ ಸ್ಟೇಡಿಯಂ ಘೋಷಣೆಯಾದ ದಿನದಿಂದ ಅದೇ ಗತಿ. ಟ್ಯೂಬ್ ಆಂಪ್‌ಗೆ ವಯಸ್ಸಾದಷ್ಟೂ ಬೆಲೆ, ಪ್ರೊಸೆಸರ್‌ಗೆ ವಯಸ್ಸಾದಷ್ಟೂ ಅಗ್ಗ ಎಂದು ಅಸಲಿವಾದಿಗಳು ಚುಚ್ಚುತ್ತಾರೆ. ಚುಚ್ಚಲಿ, ಕೊಳ್ಳುವವನಿಗೆ ಅದರಲ್ಲಿ ನಷ್ಟವೇನಿದೆ? ಹತ್ತು ವರ್ಷ ಪುಕ್ಕಟೆ ಅಪ್‌ಡೇಟ್ ಪಡೆದು ಹಣ್ಣಾದ ಹೀಲಿಕ್ಸನ್ನು ಯಾರೋ "ಹೊಸದರಲ್ಲಿ ಮಾರ್ಷಲ್ ಇನ್ನೂ ಹತ್ತಿರ" ಎಂದು ಮಾರಲು ಇಟ್ಟಿದ್ದರೆ ಹೋಗಿ ನೋಡಿ. ಪ್ರತಿ ಸ್ವಿಚ್ಚನ್ನೂ ಹತ್ತು ಸಲ ಒತ್ತಿ, ಎಕ್ಸ್‌ಪ್ರೆಶನ್ ಪೆಡಲನ್ನು ಪೂರ್ತಿ ಏರಿಸಿ ಇಳಿಸಿ, ಜ್ಯಾಕ್‌ಗಳಲ್ಲಿ ವೈರು ಅಲ್ಲಾಡಿಸಿ ಕರಕರ ಬರುತ್ತದೆಯೇ ಕೇಳಿ, ಪರದೆಯ ಮೂಲೆಗಳನ್ನು ಗಮನಿಸಿ, ಬ್ಯಾಗ್ ಇದ್ದರೆ ಅದನ್ನೂ ಕೇಳಿ ಪಡೆಯಿರಿ. ಆಮೇಲೆ ಚೌಕಾಶಿಗೆ ಇಳಿಯಿರಿ.